ಬೆರಕೆ ಮರಿ ಹುಟ್ಟಿದರೂ ಎರಡು ಜಾತಿ ಹಕ್ಕಿಗಳು ಯಾಕೆ ಒಂದಾಗಲ್ಲ?

ಹತ್ತಿರದ ಎರಡು ಜಾತಿ ಹಕ್ಕಿಗಳು ಒಂದೇ ಕಡೆ ಇದ್ದು, ಕೂಡಿ ಮರಿಯನ್ನೂ ಮಾಡಿದರೆ ಕೊನೆಗೆ ಎರಡೂ ಬೆರೆತು ಒಂದೇ ಆಗಬೇಕಲ್ವಾ ಅಂತ ಕೇಳಿದ್ದೀರಿ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಮರಿ ಹುಟ್ಟುವುದು ದೊಡ್ಡ ವಿಷಯವಲ್ಲ. ಆ ಮರಿಗೆ ಮುಂದೆ ಜೋಡಿ ಸಿಗುತ್ತಾ, ಅದಕ್ಕೂ ಮರಿ ಆಗುತ್ತಾ, ಪ್ರಶ್ನೆ ಇರುವುದು ಅಲ್ಲಿ.

ಯುರೋಪಿನ ಕಾಗೆಗಳನ್ನೇ ನೋಡಿ. ಪಶ್ಚಿಮದ ಕ್ಯಾರಿಯನ್ ಕಾಗೆ ಪೂರ್ತಿ ಕಪ್ಪು. ಹುಡೆಡ್ ಕಾಗೆಗೆ ತಲೆ, ರೆಕ್ಕೆ, ಬಾಲ ಕಪ್ಪು, ಮೈ ಮಾತ್ರ ಬೂದು, ಬನಿಯನ್ ತೊಡಿಸಿದ ಹಾಗೆ. ಜರ್ಮನಿ, ಆಲ್ಪ್ಸ್, ಸ್ಕಾಟ್ಲೆಂಡಿನಲ್ಲಿ ಇವುಗಳ ಗಡಿ ಹಾದುಹೋಗುತ್ತದೆ. ಅಲ್ಲಿ ಬೆರಕೆ ಕಾಗೆಗಳು ಇದ್ದೇ ಇವೆ, ಬೂದು ಮೈ ಮೇಲೆ ಮಸಿ ಚೆಲ್ಲಿದಂತೆ ಕಾಣುತ್ತವೆ. ಅವು ಬಂಜೆಯೂ ಅಲ್ಲ. ಜೀನ್‌ಗಳಲ್ಲಿ ಎರಡಕ್ಕೂ ವ್ಯತ್ಯಾಸ ತೀರಾ ಕಮ್ಮಿ, ಅದರಲ್ಲೂ ಮುಖ್ಯವಾದದ್ದು ಗರಿಯ ಬಣ್ಣಕ್ಕೆ ಸಂಬಂಧಿಸಿದ್ದು. ಆದರೂ ಈ ಬೆರಕೆ ಪಟ್ಟಿಯ ಅಗಲ ಹತ್ತಾರು ಕಿಲೋಮೀಟರ್ ಅಷ್ಟೆ, ಯಾಕಂದ್ರೆ ಹೆಚ್ಚಾಗಿ ಕಪ್ಪು ಕಾಗೆ ಕಪ್ಪನ್ನೇ ಹುಡುಕಿಕೊಂಡು ಹೋಗುತ್ತದೆ, ಬೂದು ಕಾಗೆ ಬೂದನ್ನೇ.

ಇನ್ನು ಕೆಲವು ಕಡೆ ಅಡ್ಡಿ ಮೈಯೊಳಗೇ ಇರುತ್ತದೆ. ಸ್ವೀಡನ್‌ನ ಗಾಟ್ಲೆಂಡ್, ಓಲೆಂಡ್ ದ್ವೀಪಗಳಲ್ಲಿ ಪೈಡ್ ಮತ್ತು ಕಾಲರ್ಡ್ ಅನ್ನುವ ಎರಡು ಜಾತಿ ನೊಣಹಿಡುಕ ಹಕ್ಕಿಗಳು ಕೂಡುತ್ತವೆ. ಅವಕ್ಕೆ ಹುಟ್ಟುವ ಹೆಣ್ಣುಗಳು ಬಂಜೆ. ನಮ್ಮಲ್ಲಿ ಗಂಡಿಗೆ ಎಕ್ಸ್-ವೈ ಅಂತ ಲಿಂಗ ತೀರ್ಮಾನಿಸುವ ಎರಡು ಬೇರೆ ಬೇರೆ ಕ್ರೋಮೋಸೋಮ್ ಇರುವ ಹಾಗೆ ಹಕ್ಕಿಗಳಲ್ಲಿ ಹೆಣ್ಣಿಗೆ ಜೆಡ್-ಡಬ್ಲ್ಯೂ. ಬೆರಕೆಯಲ್ಲಿ ಮೊದಲು ಏಟು ಬೀಳುವುದು ಹೀಗೆ ಬೇರೆ ಬೇರೆ ಕ್ರೋಮೋಸೋಮ್ ಇರುವ ಲಿಂಗಕ್ಕೇ ಅಂತ ಜೀವವಿಜ್ಞಾನಿ ಹಾಲ್ಡೇನ್ 1922ರಲ್ಲೇ ಬರೆದಿದ್ದರು.

ಅಪರೂಪಕ್ಕೆ ಉಲ್ಟಾ ಕೂಡ ಆಗುತ್ತದೆ, ಬೆರಕೆಯಿಂದಲೇ ಹೊಸ ವಂಶ ಹುಟ್ಟುತ್ತದೆ. 1981ರಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ದ್ವೀಪಕ್ಕೆ ಬೇರೆ ದ್ವೀಪದ ಒಂದು ದೊಡ್ಡ ಗಂಡು ಫಿಂಚ್ (ಗುಬ್ಬಿಯಂಥ ಹಕ್ಕಿ) ಬಂತು, ಸ್ಥಳೀಯ ಫಿಂಚ್ ಜೊತೆ ಕೂಡಿತು. ಗಂಡು ಮರಿಗಳು ಅಪ್ಪನ ಹಾಡನ್ನೇ ಕಲಿತವು. ಊರಿನ ಹೆಣ್ಣುಗಳಿಗೆ ಆ ಹಾಡೂ ಹಿಡಿಸಲಿಲ್ಲ, ಕೊಕ್ಕೂ ಹಿಡಿಸಲಿಲ್ಲ. ಕೊನೆಗೆ ಅವು ತಮ್ಮತಮ್ಮಲ್ಲೇ ಜೋಡಿಯಾಗಿ ಮೂರೇ ತಲೆಮಾರಲ್ಲಿ ಬೇರೆ ವಂಶವೇ ಆದವು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ ಇದನ್ನೆಲ್ಲ ಕಣ್ಣಾರೆ ಕಂಡು ದಾಖಲಿಸಿದ್ದಾರೆ.

ಅಂದಹಾಗೆ, ವಿಚಿತ್ರ ಬಣ್ಣ ಕಂಡ ತಕ್ಷಣ ಬೆರಕೆ ಅಂದುಕೊಳ್ಳಬೇಡಿ. ನಾನು ಒಮ್ಮೆ ರೆಕ್ಕೆಯಲ್ಲಿ ಬಿಳಿ ಗರಿ ಇದ್ದ ಕಾಗೆಯ ಫೋಟೋ ಹಿಡಿದು ಎರಡು ದಿನ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೆ. ಅದು ಸುಮ್ನೆ ಆ ಗರಿಗಳಿಗೆ ಬಣ್ಣ ಬಾರದ ಮಾಮೂಲಿ ಕಾಗೆ.