ಘಾಟಿ ಇಳಿಯುವಾಗ ಆಟೋಮ್ಯಾಟಿಕ್ ಕಾರನ್ನು ಮ್ಯಾನುವಲ್ ಮೋಡ್‌ಗೆ ಹಾಕಬೇಕೇ?

ಹೊಸ ಆಟೋಮ್ಯಾಟಿಕ್ ಕಾರಿನಲ್ಲಿ ಆಗುಂಬೆ ಘಾಟಿ ಇಳಿಯುವವರಿದ್ದೀರಿ; ಗೇರನ್ನು ಕಾರೇ ಆರಿಸುವ ‘ಡಿ’ಯಲ್ಲೇ (ಡ್ರೈವ್) ಬಿಟ್ಟು ಬ್ರೇಕ್ ಹಿಡಿಯುತ್ತಾ ಹೋದರೆ ಸಾಕೇ, ನಾವೇ ಆರಿಸುವ ‘ಎಂ’ಗೆ (ಮ್ಯಾನುವಲ್) ಹಾಕಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತವಾಗಿ ‘ಎಂ’ಗೆ ಹಾಕಿ. ಸರಿಯಾಗಿ ಬಳಸಿದರೆ ಗೇರ್‌ಬಾಕ್ಸ್‌ಗೆ ತೊಂದರೆಯಿಲ್ಲ. ಬಳಸದಿದ್ದರೆ ಕಾರಿನ ವೇಗ ತಡೆಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ನಾನು ಇದನ್ನು ಕಲಿತದ್ದು ಚಾರ್ಮಾಡಿಯಲ್ಲಿ. ಕೊಟ್ಟಿಗೆಹಾರ ದಾಟಿ ಇಳಿಯತೊಡಗಿದಾಗ, ಆಟೋಮ್ಯಾಟಿಕ್ ಆದ ಮೇಲೆ ಲಿವರ್ ಮುಟ್ಟುವ ಅಗತ್ಯವೇ ಇಲ್ಲವೆಂದು ತಿಳಿದಿದ್ದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗುತ್ತಿತ್ತು, ಕಾರು ಓಟ ಹಿಡಿಯುತ್ತಿತ್ತು, ನಾನು ಮತ್ತೆ ಬ್ರೇಕ್ ತುಳಿಯುತ್ತಿದ್ದೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿದ್ದ ಲಾರಿಯದಿರಬೇಕು ಎಂದುಕೊಂಡೆ. ಮರು ತಿರುವಿನಲ್ಲಿ ಪೆಡಲ್ ಎಂದಿಗಿಂತ ಎರಡು ಬೆರಳಿನಷ್ಟು ಹೆಚ್ಚು ಕೆಳಗಿಳಿಯಿತು. ಜಾಗ ಸಿಕ್ಕಲ್ಲಿ ನಿಲ್ಲಿಸಿ ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿದರೆ, ಉರಿಯುವ ಒಲೆಯ ಮುಂದೆ ಹಿಡಿದಂತೆ ಝಳ ಬಡಿಯುತ್ತಿತ್ತು. ಹೆಂಡತಿ ಮಕ್ಕಳು ಕಾರಿನಲ್ಲೇ ಇದ್ದರು. ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ.

1300 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದಾಗ ಹೊರಬೀಳುವ ಶಕ್ತಿಯು ಸುಮಾರು 19 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗಾಳಿ, ಟೈರುಗಳು ಒಂದು ಪಾಲು ಹೀರಿಕೊಂಡರೂ ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋದಂತೆ ಆ ಮಿತಿ 155ರ ಆಸುಪಾಸಿಗೆ ಇಳಿಯಬಹುದು. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ, ತುಳಿದ ಒತ್ತಡ ಅವನ್ನು ಅದುಮುವುದರಲ್ಲೇ ಕಳೆದುಹೋಗುತ್ತದೆ. ಕೆಳಗಿನ ಗೇರಿನಲ್ಲಾದರೋ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುವುದರಿಂದ ವೇಗ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಆಗ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು ಪೆಟ್ರೋಲನ್ನೂ ನಿಲ್ಲಿಸುವುದರಿಂದ, ಇಂಧನ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವುದರಲ್ಲಿ ಅರ್ಥವೇ ಇಲ್ಲ. ಅದು ಪ್ರಾಣಕ್ಕೂ ಅಪಾಯ.

ಗೇರನ್ನು ಇಳಿಜಾರು ಶುರುವಾಗುವ ಮುನ್ನವೇ ಆರಿಸಿಕೊಳ್ಳಿ. ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ಆಮೇಲೆ ಗೇರು ಇಳಿಸಲು ಲಿವರನ್ನು ಮೈನಸ್ (−) ಗುರುತಿನ ಕಡೆಗೆ ಒತ್ತಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಿಗೆ ಬಹುತೇಕ ಎರಡನೆಯ ಗೇರೇ ಬೇಕಾಗುತ್ತದೆ, ಶಿರಾಡಿಯಂಥ ಕಡೆ ಮೂರನೆಯದು ಸಾಕಾಗಬಹುದು. ಎರಡೂ ಪೆಡಲ್‌ಗಳಿಂದ ಕಾಲು ತೆಗೆದಾಗಲೂ ಕಾರು ಓಟ ಹೆಚ್ಚಿಸಿಕೊಳ್ಳುತ್ತಿದ್ದರೆ ಇನ್ನೊಂದು ಗೇರು ಇಳಿಸಬೇಕೆಂದು ಅರ್ಥ. ಎಂಜಿನ್ ನಿಮಿಷಕ್ಕೆ ಮೂರು, ನಾಲ್ಕು ಸಾವಿರ ಸುತ್ತಿಗೇರಿ ಗುಂಯ್‌ಗುಟ್ಟಿದರೆ ಹೆದರಬೇಡಿ. ಪೆಟ್ರೋಲ್ ಕಾರಿನಲ್ಲಿ ಮೀಟರಿನ ಕೆಂಪು ಗೆರೆ ಸಾಮಾನ್ಯವಾಗಿ 6000ದ ಹತ್ತಿರವಿರುತ್ತದೆ. ಅದನ್ನು ಮೀರಿಸುವ ಗೇರು ಕೇಳಿದರೆ ಗೇರ್‌ಬಾಕ್ಸ್‌ನ ಕಂಪ್ಯೂಟರ್ ಕೊಡುವುದಿಲ್ಲ. ಅದು ದೋಷವಲ್ಲ, ಇನ್ನಷ್ಟು ನಿಧಾನಿಸಿ ಮತ್ತೆ ಒತ್ತಿ.

ನಿಮ್ಮದು ಎಎಂಟಿ, ಅಂದರೆ ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ ಬಗೆ, ಆಗಿದ್ದರೆ ಇನ್ನೂ ಎಚ್ಚರ ಬೇಕು. ‘ಡಿ’ಯಲ್ಲಿ ಅದು ತಿರುವಿನ ನಡುವೆಯೇ ಗೇರು ಬದಲಿಸಬಹುದು, ಆ ಕ್ಷಣ ಕ್ಲಚ್ ಎಂಜಿನ್ನನ್ನು ಚಕ್ರಗಳಿಂದ ಬೇರ್ಪಡಿಸುವುದರಿಂದ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಹಂತಹಂತದ ಗೇರುಗಳಿಲ್ಲದ ಸಿವಿಟಿ ಗೇರ್‌ಬಾಕ್ಸ್‌ನಲ್ಲಿ ‘ಎಂ’ ಇಲ್ಲದಿದ್ದರೆ ‘ಎಲ್’ (ಲೋ) ಅಥವಾ ‘ಎಸ್’ (ಸ್ಪೋರ್ಟ್) ಅದೇ ಕೆಲಸ ಮಾಡುತ್ತದೆ.

ಹಾಗೆಂದು ಬ್ರೇಕನ್ನು ಬಿಟ್ಟುಬಿಡುವಂತಿಲ್ಲ. ತಿರುವಿಗೆ ಮುಂಚೆ ಗಟ್ಟಿಯಾಗಿ ತುಳಿದು ಪೂರ್ತಿ ಬಿಡಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಮಳೆಗಾಲದಲ್ಲಿ ತಿರುವಿನ ಮಧ್ಯೆ ಗೇರು ಇಳಿಸಿದರೆ ಚಕ್ರ ಜಾರಬಹುದು. ಎಂಜಿನ್ ವೇಗ ತಗ್ಗಿಸುವಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲವಾದ್ದರಿಂದ, ಬಸ್ಸೊಂದು ಬೆನ್ನಿಗೇ ಬರುತ್ತಿದ್ದರೆ ಪೆಡಲನ್ನು ಹಗುರವಾಗಿ ಮುಟ್ಟಿ ಸೂಚನೆ ಕೊಡಿ. ಹೊರಡುವ ಮೊದಲು ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಕಳೆದಿದೆಯೇ ಎಂದು ಸರ್ವಿಸ್ ಪುಸ್ತಕದಲ್ಲಿ ನೋಡಿಕೊಳ್ಳಿ. ದಾರಿಯಲ್ಲಿ ಪೆಡಲ್ ಮೆತ್ತಗಾದರೆ ಕೂಡಲೇ ಇನ್ನೊಂದು ಗೇರು ಇಳಿಸಿ, ಜಾಗ ನೋಡಿ ನಿಲ್ಲಿಸಿ, ಬ್ರೇಕ್ ತಾನಾಗಿಯೇ ಆರಲು ಬಿಡಿ. ಕಾದ ಡಿಸ್ಕ್‌ಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.