ಓದುಗರ ಪ್ರಶ್ನೆ: ‘ಟೋಲ್ಡ್ ದಟ್’ ಯಾಕೆ ತಪ್ಪು?

ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಗುಜರಾತಿನ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಕಳಿಸುವುದೂ ನನ್ನ ಕೆಲಸವೇ. ಮೊನ್ನೆ ‘ಓನರ್ ಟೋಲ್ಡ್ ದಟ್, ದ ಲೋಡ್ ವಿಲ್ ರೀಚ್ ಆನ್ ಮಂಡೇ’ ಎಂದು ಬರೆದಿದ್ದೆ. ಮಾಲೀಕರ ಮಗ ನೋಡಿ, ‘ಟೋಲ್ಡ್ ದಟ್ ಅಂತ ಯಾರಾದ್ರೂ ಬರೀತಾರಾ?’ ಎಂದು ಎಲ್ಲರ ಎದುರಿಗೆ ನಕ್ಕರು. ತಪ್ಪೇನು ಅಂತ ಕೇಳಿದರೆ ಅವರಿಗೂ ಹೇಳಲಿಕ್ಕೆ ಬರಲಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ತಂಗೀ, ನಿಮ್ಮ ವಾಕ್ಯದಲ್ಲಿ ಎರಡು ಮುಖ್ಯ ತಪ್ಪುಗಳಿವೆ. ಎರಡೂ ದಡ್ಡತನದಿಂದ ಬಂದವಲ್ಲ, ಒಳ್ಳೆಯ ಕನ್ನಡದಿಂದ ಬಂದವು. ಮೂವತ್ತೊಂದು ವರ್ಷ ಇದೇ ಮಲೆನಾಡಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಾಗಿ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಕನ್ನಡದಲ್ಲಿ ‘ಸೋಮವಾರ ಲೋಡ್ ಬರುತ್ತೆ ಅಂತ ಹೇಳಿದರು’ ಎಂದರೆ ಮುಗಿಯಿತು. ಯಾರಿಗೆ ಹೇಳಿದರು ಅನ್ನುವುದು ಬೇಕಾದರೆ ಬರುತ್ತದೆ, ಬೇಡವಾದರೆ ಇಲ್ಲ. ಇಂಗ್ಲಿಷಿನವರು ಈ ಒಂದು ‘ಹೇಳು’ವನ್ನು ‘ಸೇ’, ‘ಟೆಲ್’ ಎಂದು ಎರಡು ಮಾಡಿಕೊಂಡಿದ್ದಾರೆ. ‘ಸೇ’ಗೆ ಮಾತು ಮುಖ್ಯ. ‘ಟೆಲ್’ಗೆ ಕೇಳುವವರು ಮುಖ್ಯ. ನಮ್ಮ ಕಡೆಯ ಮನೆಗಳನ್ನೇ ನೆನೆಸಿಕೊಳ್ಳಿ. ಕೆಲವರು ಬಂದರೆ ಒಳಗೆ ಕರೆದು ಮಣೆ ಹಾಕುತ್ತೇವೆ, ಕೆಲವರನ್ನು ಜಗಲಿಯಲ್ಲೇ ಮಾತಾಡಿಸಿ ಕಳಿಸುತ್ತೇವೆ. ‘ಟೆಲ್’ ಕೇಳುವವರಿಗೆ ಮಣೆ ಹಾಕುವ ಕ್ರಿಯಾಪದ: ‘ಹಿ ಟೋಲ್ಡ್ ಮಿ ದಟ್’, ‘ಹಿ ಟೋಲ್ಡ್ ಅಸ್ ದಟ್’. ನಿಮ್ಮ ವಾಕ್ಯದಲ್ಲಿ ಮಣೆ ಖಾಲಿ ಇತ್ತು. ‘ಸೇ’ಗೆ ಮಣೆಯ ಹಂಗಿಲ್ಲ: ‘ಹಿ ಸೆಡ್ ದಟ್’. ಕೇಳುವವರ ಹೆಸರು ಹೇಳಲೇಬೇಕಾದರೆ ‘ಟು’ ಹಾಕಿ ಜಗಲಿಯಲ್ಲಿ ಕೂರಿಸಬೇಕು: ‘ಹಿ ಸೆಡ್ ಟು ಮಿ ದಟ್’.

ಈ ತಪ್ಪಿನ ಬೇರು ಶಾಲೆಯಲ್ಲೂ ಇದೆ. ಪ್ರತ್ಯಕ್ಷ ವಾಕ್ಯವನ್ನು ಪರೋಕ್ಷ ಮಾಡುವಾಗ ‘ಸೆಡ್ ಟು ಇದ್ದಲ್ಲಿ ಟೋಲ್ಡ್ ಹಾಕಿ’ ಎಂದು ಬಾಯಿಪಾಠ ಮಾಡಿಸುತ್ತೇವೆ. ಮೊದಲ ವರ್ಷಗಳಲ್ಲಿ ನಾನೂ ಹಾಗೇ ಮಾಡಿಸಿದೆ. ಆ ‘ಟು’ವಿನ ಪಕ್ಕ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಬಿಡಬಾರದು ಎಂದು ಒತ್ತಿ ಹೇಳಲಿಲ್ಲ. ಉತ್ತರ ಪತ್ರಿಕೆಗಳಲ್ಲಿ ಸಾಲು ಸಾಲಾಗಿ ‘ಟೋಲ್ಡ್ ದಟ್’ ಕಂಡಾಗ ತಪ್ಪು ಎಲ್ಲಿಂದ ಬಂತೆಂದು ಗೊತ್ತಾಯಿತು. ಪರೋಕ್ಷದಲ್ಲಿ ‘ಸೆಡ್’ ಎಂದೇ ಇಟ್ಟರೆ ಅಂಕ ಹೋಗುತ್ತದೆ ಎಂದು ಮಕ್ಕಳು ಹೆದರಿದ್ದರು.

ಎರಡನೆಯ ತಪ್ಪು ‘ದಟ್’ ಆದಮೇಲೆ ನೀವು ಇಟ್ಟ ಅಲ್ಪವಿರಾಮ. ಅದು ಎಲ್ಲಿಂದ ಬಂತು ಗೊತ್ತೇ? ‘ಅವರು ಹೇಳಿದ್ದೇನೆಂದರೆ,’ ಎನ್ನುವಾಗ ನಾವು ಉಸಿರು ನಿಲ್ಲಿಸುತ್ತೇವಲ್ಲ, ಆ ಉಸಿರೇ ಅಲ್ಲಿ ಕೂತಿದೆ. ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ‘ದಟ್’ ಮುಂದಿನ ಮಾತಿಗೆ ಅಂಟಿಕೊಂಡು ಹಗುರವಾಗಿ ಸಾಗುತ್ತದೆ. ‘ಆ ಮನೆ’ ಎಂದು ಬೆರಳು ತೋರಿಸುವ ‘ದ್ಯಾಟ್’ಗೆ ಒತ್ತು ಉಂಟು, ಇದಕ್ಕಿಲ್ಲ. ಮೂಲದಲ್ಲಿ ಎರಡೂ ಒಂದೇ ಶಬ್ದ, ನಮ್ಮ ‘ಅದು’ ಇದ್ದ ಹಾಗೆ. ನಮ್ಮ ‘ಎಂದು’ ಹುಟ್ಟಿದ್ದು ‘ಎನ್ನು’ ಎಂಬ ಕ್ರಿಯಾಪದದಿಂದ. ಹೇಳುವ ಕೆಲಸವೇ ಅದರೊಳಗಿದೆ. ಅದಕ್ಕೇ ಅದು ಮಾತು ಮುಗಿದಮೇಲೆ ಬಂದು ಇಡೀ ಮಾತನ್ನು ಕಟ್ಟುತ್ತದೆ. ‘ದಟ್’ ಮಾತಿಗೆ ಮೊದಲೇ ನಿಂತು ದಾರಿ ತೋರಿಸುತ್ತದೆ.

ನಿಜವಾದ ತೊಡಕು ಇರುವುದು ನಮ್ಮ ‘ಅಂತ’ದ ದೊಡ್ಡ ಮನಸ್ಸಿನಲ್ಲಿ. ‘ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದೆ ಅಂತ ಡ್ರೈವರ್ ಹೇಳಿದ’, ‘ಉಡುಪಿ ಬಸ್ ಹೋಯ್ತಾ ಅಂತ ಕೇಳಿದೆ’, ‘ಬೇಗ ಹತ್ತಿ ಅಂತ ಕೂಗಿದ’, ‘ಮಳೆ ಬರ್ತದೆ ಅಂತ ಕೊಡೆ ತಂದೆ’, ‘ಕಾಯಿ ಧೊಪ್ಪಂತ ಬಿತ್ತು’. ಸುದ್ದಿ, ಪ್ರಶ್ನೆ, ಅಪ್ಪಣೆ, ಕಾರಣ, ಕೊನೆಗೆ ಸದ್ದು, ಎಲ್ಲಕ್ಕೂ ಒಂದೇ ‘ಅಂತ’. ಇವುಗಳಲ್ಲಿ ‘ದಟ್’ ಒಪ್ಪುವುದು ಮೊದಲನೆಯದಕ್ಕೆ ಮಾತ್ರ. ಪ್ರಶ್ನೆಗೆ ‘ವೆದರ್’ ಅಥವಾ ‘ಇಫ್’ ಬೇಕು: ‘ಐ ಆಸ್ಕ್ಡ್ ಇಫ್ ದ ಬಸ್ ಹ್ಯಾಡ್ ಲೆಫ್ಟ್’. ನಾವು ‘ಅಂತ’ವನ್ನು ಕೈಬಿಡಲಾರದೆ ‘ಆಸ್ಕ್ಡ್ ದಟ್ ವೆದರ್’ ಎಂದು ಎರಡನ್ನೂ ಜೋಡಿಸುತ್ತೇವೆ. ಅಪ್ಪಣೆಗೆ ‘ಟು’: ‘ಟೋಲ್ಡ್ ಅಸ್ ಟು ಗೆಟ್ ಇನ್’. ಆದ್ದರಿಂದ ಬರೆಯುವ ಮೊದಲು ‘ಅಂತ’ದ ಹಿಂದೆ ಇರುವುದು ಸುದ್ದಿಯೋ, ಪ್ರಶ್ನೆಯೋ, ಅಪ್ಪಣೆಯೋ ಎಂದು ಒಂದು ಗಳಿಗೆ ನೋಡಿಕೊಳ್ಳಿ.

ಮಂಡಿ ಕೆಲಸಕ್ಕೆ ನಿಮಗೆ ಬೇಕಾಗುವ ಇನ್ನು ಕೆಲವು ಕ್ರಿಯಾಪದಗಳಿವೆ. ‘ಇನ್‌ಫಾರ್ಮ್’, ‘ರಿಮೈಂಡ್’, ‘ಅಶ್ಯೂರ್’, ‘ಕನ್ವಿನ್ಸ್’ ಇವು ‘ಟೆಲ್’ ಜಾತಿಯವು, ಮಣೆ ಹಾಕಲೇಬೇಕು: ‘ವಿ ಇನ್‌ಫಾರ್ಮ್ಡ್ ದೆಮ್ ದಟ್’. ‘ಎಕ್ಸ್‌ಪ್ಲೇನ್’, ‘ಮೆನ್ಶನ್’, ‘ಕಂಪ್ಲೇನ್’, ‘ಸಜೆಸ್ಟ್’ ಇವು ಜಗಲಿಯವು. ‘ಎಕ್ಸ್‌ಪ್ಲೇನ್ಡ್ ಮಿ ದಟ್’ ಎಂದು ಓದಿದವರೂ ಬರೆಯುತ್ತಾರೆ. ‘ಎಕ್ಸ್‌ಪ್ಲೇನ್ಡ್ ಟು ಮಿ ದಟ್’ ಆಗಬೇಕು. ಇದೇ ಕಾರಣಕ್ಕೆ ‘ಐ ವಾಸ್ ಟೋಲ್ಡ್ ದಟ್’ ಸರಿ, ‘ಐ ವಾಸ್ ಎಕ್ಸ್‌ಪ್ಲೇನ್ಡ್ ದಟ್’ ತಪ್ಪು. ಮಣೆಯ ಮೇಲೆ ಕೂತವರನ್ನು ಎಬ್ಬಿಸಿ ವಾಕ್ಯದ ಮುಂದೆ ತರಬಹುದು, ಜಗಲಿಯಲ್ಲಿ ಕೂತವರನ್ನು ತರಲಾಗದು. ‘ಪ್ರಾಮಿಸ್’ ಮತ್ತು ‘ವಾರ್ನ್’ ಎರಡೂ ಕಡೆ ಓಡಾಡುತ್ತವೆ: ‘ಹಿ ಪ್ರಾಮಿಸ್ಡ್ ದಟ್’, ‘ಹಿ ಪ್ರಾಮಿಸ್ಡ್ ಮಿ ದಟ್’, ಎರಡೂ ಸರಿ.

‘ಸಜೆಸ್ಟ್’ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಜಾಗ್ರತೆ ಇರಲಿ. ಅಡಿಕೆಯಲ್ಲಿ ತೇವ ಇದೆ, ಇನ್ನೆರಡು ದಿನ ಒಣಗಿಸಿ ಎಂದು ವ್ಯಾಪಾರಿ ಸಲಹೆ ಕೊಟ್ಟ ಎನ್ನಿ. ‘ಹಿ ಸಜೆಸ್ಟೆಡ್ ಅಸ್ ಟು ಡ್ರೈ ಇಟ್’ ಎಂದು ಬರೆಯಬೇಡಿ. ‘ಹಿ ಸಜೆಸ್ಟೆಡ್ ದಟ್ ವಿ ಡ್ರೈ ಇಟ್ ಫಾರ್ ಟು ಮೋರ್ ಡೇಸ್’ ಎನ್ನಿ. ‘ವಿ’ ಆದಮೇಲೆ ‘ಶುಡ್’ ಸೇರಿಸಿದರೂ ನಡೆಯುತ್ತದೆ.

‘ದಟ್’ ಬಿಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ‘ಸೇ’, ‘ಟೆಲ್’, ‘ಥಿಂಕ್’, ‘ನೋ’ ಆದಮೇಲೆ ಮಾತಿನಲ್ಲಿ ಅದನ್ನು ಧಾರಾಳವಾಗಿ ಬಿಡುತ್ತಾರೆ. ‘ರಿಪ್ಲೈ’, ‘ಕಂಪ್ಲೇನ್’ ಮುಂತಾದವುಗಳ ಮುಂದೆ ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ವ್ಯವಹಾರದ ಕಾಗದದಲ್ಲಿ ಅದನ್ನು ಬಿಟ್ಟರೆ ದುಡ್ಡಿಗೇ ತೊಂದರೆ ಆಗುವ ಎರಡು ಜಾಗಗಳಿವೆ. ‘ಹಿ ಸೆಡ್ ಯೆಸ್ಟರ್‌ಡೇ ದ ಲೋಡ್ ಲೆಫ್ಟ್’ ಎಂದು ಬರೆದರೆ, ನೆನ್ನೆ ಹೇಳಿದ್ದೋ, ನೆನ್ನೆ ಲೋಡ್ ಹೊರಟಿದ್ದೋ? ‘ಸೆಡ್ ಯೆಸ್ಟರ್‌ಡೇ ದಟ್’ ಎಂದರೆ ಹೇಳಿದ್ದು ನೆನ್ನೆ. ‘ಸೆಡ್ ದಟ್ ಯೆಸ್ಟರ್‌ಡೇ’ ಎಂದರೆ ಲಾರಿ ಹೊರಟಿದ್ದು ನೆನ್ನೆ. ಇನ್ನೊಂದು, ‘ಹಿ ಸೆಡ್ ದಟ್ ದ ಬ್ಯಾಗ್ಸ್ ವರ್ ವೆಟ್ ಆ್ಯಂಡ್ ವಿ ಹ್ಯಾಡ್ ಅಗ್ರೀಡ್ ಟು ಎ ಲೋವರ್ ರೇಟ್’. ಕಡಿಮೆ ದರಕ್ಕೆ ಒಪ್ಪಿದ್ದೆವು ಎನ್ನುವುದು ಅವನ ಹೇಳಿಕೆಯೋ, ನೀವೇ ಒಪ್ಪಿಕೊಂಡ ಸಂಗತಿಯೋ? ‘ಆ್ಯಂಡ್ ದಟ್ ವಿ’ ಎಂದು ಎರಡನೆಯ ‘ದಟ್’ ಹಾಕಿದರೆ ಆ ಮಾತು ಅವನ ತಲೆಗೇ ಹೋಗುತ್ತದೆ. ಇಂಥ ಕಡೆ ‘ದಟ್’ ಹೆಚ್ಚಾಯಿತು ಎಂದು ಯಾರಾದರೂ ಹೇಳಿದರೂ ತೆಗೆಯಬೇಡಿ.

ನಿಮ್ಮ ಮೇಲ್ ಹೀಗಿರಲಿ: ‘ಅವರ್ ಓನರ್ ಸೇಸ್ ದಟ್ ದ ಲೋಡ್ ವಿಲ್ ರೀಚ್ ಯು ಆನ್ ಮಂಡೇ’. ‘ಸೆಡ್’ ಬದಲು ‘ಸೇಸ್’ ಹಾಕಿದ್ದು ಬೇಕೆಂದೇ. ಆಗ ‘ವಿಲ್’ ಅನ್ನು ‘ವುಡ್’ ಮಾಡಬೇಕೋ ಬೇಡವೋ ಎಂಬ ತಲೆನೋವು ಏಳುವುದೇ ಇಲ್ಲ.

ಪ್ರಶ್ನೆ: ಮಗಳ ಮದುವೆಗೆ ಹೊರರಾಜ್ಯದ ಸ್ನೇಹಿತರನ್ನು ಕರೆಯಬೇಕು. ‘ಐ ವಾಂಟ್ ದಟ್ ಯು ಕಮ್’ ಸರಿಯೇ? (ಸಾಗರದ ಓದುಗರು)

ಉತ್ತರ: ಸರಿಯಲ್ಲ. ‘ನೀವು ಬರಬೇಕು ಅಂತ ಆಸೆ’ ಎನ್ನುವುದರ ‘ಅಂತ’ ಇಲ್ಲೂ ‘ದಟ್’ ಆಗಿ ನುಗ್ಗಿದೆ. ‘ವಾಂಟ್’ ಅದನ್ನು ಸೇರಿಸುವುದಿಲ್ಲ. ‘ಐ ವಾಂಟ್ ಯು ಟು ಕಮ್’ ಎನ್ನಬೇಕು, ಆದರೆ ಕರೆಯೋಲೆಗೆ ಅದು ಗಡುಸು. ‘ವಿ ಹೋಪ್ ದಟ್ ಯು ವಿಲ್ ಕಮ್’ ಎಂದು ಬರೆಯಿರಿ. ‘ಹೋಪ್’ ಜೊತೆ ‘ದಟ್’ ಚೆನ್ನಾಗಿ ಹೊಂದುತ್ತದೆ. ಮದುವೆ ಮಳೆಗಾಲದಲ್ಲಿದ್ದರೆ ಕೊಡೆ ತರಲು ಹೇಳುವುದನ್ನು ಮರೆಯಬೇಡಿ. ಅದು ಅಪ್ಪಣೆಯಾದ್ದರಿಂದ ಅಲ್ಲಿ ‘ದಟ್’ ಬೇಡ, ‘ಪ್ಲೀಸ್ ಬ್ರಿಂಗ್ ಆ್ಯನ್ ಅಂಬ್ರೆಲಾ’ ಸಾಕು.