ಸತತ 151 ಗೆಲುವು: ಆ ಶಾಲೆಯಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನನ್ನ ತಂಗಿಯ ಸಂಸಾರ ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನಲ್ಲಿದೆ. ಅವಳ ಮಗನಿಗೆ ಅಲ್ಲಿನ ಡೆ ಲಾ ಸಾಲ್ ಹೈಸ್ಕೂಲ್‌ಗೇ ಸೇರಬೇಕು ಅನ್ನೋ ಹಟ. ಆ ಶಾಲೆಯವರು ಫುಟ್‌ಬಾಲ್‌ನಲ್ಲಿ 12 ವರ್ಷ ಸೋತೇ ಇರಲಿಲ್ಲವಂತೆ, ನಿಜವಾ? ನಾವು ಕ್ರೈಸ್ತರಲ್ಲ, ಪರವಾಗಿಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. 1992ರಿಂದ 2004ರವರೆಗೆ ಸತತ 151 ಪಂದ್ಯ ಗೆದ್ದರು. ಅದಕ್ಕೂ ಮುಂಚೆ ಅಮೆರಿಕದ ಹೈಸ್ಕೂಲ್ ದಾಖಲೆ 72 ಇತ್ತು, ಮಿಷಿಗನ್‌ನ ಹಡ್ಸನ್ ಶಾಲೆಯದ್ದು. ಅದರ ಎರಡರಷ್ಟಕ್ಕಿಂತ ಜಾಸ್ತಿ ಆಯ್ತಲ್ವಾ! ಅಂದಹಾಗೆ ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಆಟ.

ಶಾಲೆ ಶುರುವಾದದ್ದು 1965ರಲ್ಲಿ. ಹುಡುಗರಿಗೆ ಮಾತ್ರ. ನಡೆಸುವವರು ಕ್ಯಾಥೊಲಿಕ್ ಬ್ರದರ್‌ಗಳು, ಫ್ರಾನ್ಸಿನ ಸಂತ ಡೆ ಲಾ ಸಾಲ್ ಕಟ್ಟಿದ ಸಂಘದವರು. ಮೊದಲ ವರ್ಷಗಳಲ್ಲಿ ಫುಟ್‌ಬಾಲ್ ತಂಡ ಹೇಳಿಕೊಳ್ಳುವಂತೆ ಇರಲೇ ಇಲ್ಲ, ಸೋಲೇ ಜಾಸ್ತಿ. 1979ರಲ್ಲಿ ಬಾಬ್ ಲಾಡುಸೂರ್ ಕೋಚ್ ಆಗಿ ಬಂದರು. ಅದೇ ಶಾಲೆಯಲ್ಲಿ ಧರ್ಮದ ಪಾಠ ಹೇಳುತ್ತಿದ್ದ ಮೇಷ್ಟ್ರು ಅವರು. 2013ರ ಆರಂಭದಲ್ಲಿ ಬಿಟ್ಟಾಗ ಲೆಕ್ಕ ಹೀಗಿತ್ತು: 399 ಗೆಲುವು, 25 ಸೋಲು, 3 ಡ್ರಾ.

ನನಗೆ ಈ ಅಂಕಿಗಳಿಗಿಂತ ಇಷ್ಟವಾಗೋದು ಒಂದು ಪುಟ್ಟ ಕಾರ್ಡು. ಪಂದ್ಯದ ಹಿಂದಿನ ಸಂಜೆ ಯಾರಾದರೂ ಒಬ್ಬ ಆಟಗಾರನ ಮನೆಯಲ್ಲಿ ಎಲ್ಲರಿಗೂ ಊಟ. ಆಮೇಲೆ ಒಬ್ಬೊಬ್ಬನೇ ಎದ್ದು ನಿಂತು, ಅಭ್ಯಾಸದಲ್ಲಿ ಏನು ಮಾಡ್ತೀನಿ, ಜಿಮ್ಮಿನಲ್ಲಿ ಎಷ್ಟು ತೂಕ ಎತ್ತುತ್ತೀನಿ, ನಾಳೆ ಮೈದಾನದಲ್ಲಿ ಏನು ಸಾಧಿಸ್ತೀನಿ ಅಂತ ತಾನೇ ಬರೆದದ್ದನ್ನು ಓದಿ, ಆ ಕಾರ್ಡನ್ನು ಜೊತೆಗಾರನ ಕೈಗೆ ಕೊಡುತ್ತಾನೆ. ಕೊಟ್ಟ ಮಾತು ಉಳಿಸಿಕೊಂಡನಾ ಅಂತ ನೋಡೋದು ಆ ಜೊತೆಗಾರನ ಕೆಲಸ. ಮೈದಾನಕ್ಕೆ ಬರುವಾಗಲೂ ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡೇ ಬರುತ್ತಾರೆ. ಹದಿನಾರು ಹದಿನೇಳರ ಗಟ್ಟಿಮುಟ್ಟು ಹುಡುಗರು ಸಾವಿರಾರು ಜನರ ಎದುರು ಕೈ ಕೈ ಹಿಡಿದು ನಡೆಯೋದು ಸಣ್ಣ ಮಾತಲ್ಲ.

ಸರಣಿ ಮುರಿದದ್ದು 2004ರ ಸೆಪ್ಟೆಂಬರ್ 4ರಂದು, ಸಿಯಾಟಲ್‌ನಲ್ಲಿ. ಬೆಲ್‌ವ್ಯೂ ಶಾಲೆ 39–20ರಿಂದ ಸೋಲಿಸಿತು. ಅದಕ್ಕೆ ಮೂರು ವಾರ ಮೊದಲು, ಆಗಷ್ಟೇ ಶಾಲೆ ಮುಗಿಸಿ ಕಾಲೇಜಿಗೆ ಹೊರಟಿದ್ದ ಡೆ ಲಾ ಸಾಲ್ ತಂಡದ ಹುಡುಗನೊಬ್ಬ ಗುಂಡೇಟಿಗೆ ಬಲಿಯಾಗಿದ್ದ. ಆ ನೋವು ಹೊತ್ತುಕೊಂಡೇ ಆಡಿದ ಪಂದ್ಯ ಅದು.

ಇನ್ನೊಂದು ಮಾತನ್ನೂ ಹೇಳಬೇಕು. ಸರ್ಕಾರಿ ಶಾಲೆಗಳು ತಮ್ಮ ಏರಿಯಾದ ಮಕ್ಕಳನ್ನು ಇಟ್ಟುಕೊಂಡೇ ಆಡಬೇಕು, ಡೆ ಲಾ ಸಾಲ್‌ನಂಥ ಖಾಸಗಿ ಶಾಲೆಗೆ ಸುತ್ತಲಿನ ಹತ್ತಾರು ಊರುಗಳಿಂದ ಹುಡುಗರು ಬರಬಹುದು. ಇದು ಸರಿಯಲ್ಲ ಅನ್ನುವವರು ಅಲ್ಲಿ ತುಂಬ ಜನ ಇದ್ದಾರೆ. ಅವರ ಮಾತಿನಲ್ಲಿ ನ್ಯಾಯ ಇದೆ ಅಂತಲೇ ನನಗೂ ಅನ್ನಿಸುತ್ತೆ.

ಧರ್ಮದ ಬಗ್ಗೆ ಚಿಂತೆ ಬೇಡ, ಬೇರೆ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಧರ್ಮದ ತರಗತಿಗೆ ಎಲ್ಲರೂ ಕೂರಲೇಬೇಕು, ಅದನ್ನು ತಂಗಿಗೆ ಮೊದಲೇ ಹೇಳಿ. ಫೀಸು ಜಾಸ್ತಿ, ಸಹಾಯಧನಕ್ಕೆ ಅರ್ಜಿ ಹಾಕಬಹುದು. ಇನ್ನು ಹುಡುಗನನ್ನು ಒಂದು ಮಾತು ಕೇಳಿ ನೋಡಿ: ಫುಟ್‌ಬಾಲ್ ತಂಡದಲ್ಲಿ ಜಾಗ ಸಿಗದಿದ್ದರೂ ಆ ಶಾಲೆಯೇ ಬೇಕಾ? ಹೂಂ ಅಂದರೆ ಸೇರಿಸಲಿ.